ಉಳಿದದ್ದು ಒಂದೇ ರಟ್ಟು

"ನಮ್ಮ ಸೀರಿ ಕತ್ತರಿಸಿ ಮಾರಾಕತ್ತೀರಲ್ರೀ ನೀವು!"

ಮಧುಮತಿಯ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು.

ಬಾಗಿಲಲ್ಲಿ ಅಪರಿಚಿತ ಯುವಕನೊಬ್ಬ ನಿಂತಿದ್ದ. ತಲೆಗೂದಲಿಗೆಲ್ಲ ನೂಲಿನ ಧೂಳು. ಬೈಕಿನ ಕೀಲಿ ಇನ್ನೂ ಮುಷ್ಟಿಯಲ್ಲೇ ಇತ್ತು.

"ಸೀರಿ? ನಾನು ಯಾರ ಸೀರಿನೂ ಮುಟ್ಟಿಲ್ರೀ... ನಾನು ಗ್ರೀಟಿಂಗ್ ಕಾರ್ಡ್ ಮಾಡಾಕಿ."

"ಅದ ಕಾರ್ಡಿನ ಮಾತ ಹೇಳಾಕತ್ತೇನಿ!"

ಅವನು ಒಂದು ಕಾರ್ಡನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಅವಳೇ ಮಾಡಿದ್ದು. ಬಿಚ್ಚಿದ ಕೂಡಲೇ ಒಳಗಿಂದ ಕಾಗದದ ಮನೆ ಎದ್ದು ನಿಂತಿತು. ಮನೆಯ ಮುಂದೆ ಮರ, ಮರದ ಮುಂದೆ ಎರಡು ಹಕ್ಕಿ. ಎಲ್ಲಕ್ಕೂ ಹಿಂದೆ ಸಾಲುಸಾಲು ತೂತುಗಳಿದ್ದ ಒಂದು ಇಡೀ ರಟ್ಟು. ಬೆಳಕಿಗೆ ಹಿಡಿದರೆ ತೂತುಗಳೆಲ್ಲ ನಕ್ಷತ್ರದ ಹಾಗೆ ಕಾಣುತ್ತಿದ್ದವು. ಆ ನಕ್ಷತ್ರಗಳಿಗಾಗಿಯೇ ಜನ ಅವಳ ಕಾರ್ಡು ಕೇಳಿಕೊಂಡು ಬರುತ್ತಿದ್ದರು.

ಅವನು ಹಕ್ಕಿಯನ್ನೂ ನೋಡಲಿಲ್ಲ, ಮನೆಯನ್ನೂ ನೋಡಲಿಲ್ಲ. ರಟ್ಟಿನ ಮೂಲೆಯಲ್ಲಿದ್ದ ಪೆನ್ಸಿಲ್ ನಂಬರಿನ ಮೇಲೆ ಬೆರಳಿಟ್ಟ.

"ಇದು ನಮ್ಮಪ್ಪನ ಕೈ ಅಕ್ಷರ!"

ಮಧುಮತಿ ಕತ್ತರಿ ಕೆಳಗಿಟ್ಟಳು.

ಬನಹಟ್ಟಿಯಲ್ಲಿ ಹುಟ್ಟಿದವಳು ಅವಳು. ಮಗ್ಗದ ಡಿಸೈನ್ ರಟ್ಟು ಗೊತ್ತಿಲ್ಲದೇನಲ್ಲ. ಸೀರೆಯ ಒಂದೊಂದು ಸಾಲಿಗೆ ಒಂದೊಂದು ರಟ್ಟು. ತೂತಿದ್ದ ಕಡೆ ನೂಲು ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ನಡುವೆ ಒಂದು ರಟ್ಟು ಇಲ್ಲದಿದ್ದರೂ ಹೂವು ಕೆಡುತ್ತದೆ. ಆದರೆ ಮಗ್ಗಕ್ಕೆ ಕಂಪ್ಯೂಟರ್ ಬಂದ ಮೇಲೆ ಹಳೇ ರಟ್ಟುಗಳು ಚೀಲಗಟ್ಟಲೆ ಗುಜರಿಗೆ ಬೀಳುತ್ತಿದ್ದವು. ಎಷ್ಟೋ ಮನೆಯಲ್ಲಿ ನೀರೊಲೆಗೂ ಹಾಕುತ್ತಿದ್ದರು. ಅವಳೂ ಹುಲೆಪ್ಪನ ಗುಜರಿ ಅಂಗಡಿಯಿಂದ ಒಂದು ಚೀಲ ತಂದಿದ್ದಳು, ಅಷ್ಟೇ. ಅದರಲ್ಲಿ ಇನ್ನೂ ನೇಯಬೇಕಾದ ಸೀರೆ ಇದೆ ಎಂದು ಯಾರಿಗೆ ಗೊತ್ತು?

"ಗುಜರಿಯೊಳಗ ಸಿಕ್ಕಿದ್ದು ರೀ ಅದು..."

"ಮನಿಗೆ ಸುಣ್ಣ ಹಚ್ಚೂಮುಂದ ನಮ್ಮವ್ವ ಗುಜರಿಗೆ ಹಾಕ್ಯಾಳ."

"ಹಂಗಾರ ನಿಮ್ಮವ್ವಗ ಒದರ್ರಿ! ನನ್ನ ಮ್ಯಾಲೆ ಯಾಕ ಒದರತೀರಿ?"

ಅವನು ತಡವರಿಸಿದ. "ಅವ್ವನ ಮ್ಯಾಲೆ ಒದರಾಕ... ಧೈರ್ಯ ಇಲ್ರಿ."

ಅಷ್ಟು ಗಾಬರಿಯಲ್ಲೂ ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡಳು.

ಅವನ ಹೆಸರು ಬಸವಕುಮಾರ. ರಬಕವಿಯವನು. ತಂದೆ ಮುರಗೆಪ್ಪ ಒಂದು ಕಾಲಕ್ಕೆ ಸೀರೆಗೆ ಹೂವು ಬರೆಯುತ್ತಿದ್ದವರು. ಈಗ ಕೈ ನಡುಗುತ್ತದೆ, ಪೆನ್ಸಿಲ್ ಹಿಡಿಯಲಾಗುವುದಿಲ್ಲ. ಅವರು ಕೊನೆಗೆ ಬರೆದ ಡಿಸೈನನ್ನು ಮಗಳು ಭಾಗ್ಯಾಳ ಮದುವೆ ಸೀರೆಗೆಂದೇ ಇಟ್ಟಿದ್ದರು. ಬರೆದ ಕಾಗದವನ್ನು ಗೆದ್ದಲು ತಿಂದಿತ್ತು. ಉಳಿದದ್ದು ಈ ರಟ್ಟುಗಳೇ. ಭಾಗ್ಯಾಳಿಗೆ ಗೆಳತಿಯೊಬ್ಬಳು ನಿಶ್ಚಿತಾರ್ಥಕ್ಕೆ ಈ ಕಾರ್ಡು ಕೊಟ್ಟಿದ್ದಳು. ಅಣ್ಣ ಬಿಚ್ಚಿ ನೋಡಿದರೆ ಒಳಗೆ ಅಪ್ಪನ ಅಕ್ಷರ!

ಮಧುಮತಿ ಒಳಗೆ ಹೋಗಿ ಚೀಲವನ್ನು ಎಳೆದು ತಂದಳು. ಬಹುಪಾಲು ರಟ್ಟು ಹಾಗೇ ಇದ್ದವು. ಉಳಿದವು ಕಾರ್ಡುಗಳಾಗಿ ಊರೂರು ಸೇರಿದ್ದವು.

"ಇದನ್ನ ಈಗ ಒಯ್ಯರಿ. ನಾಳೆ ಬರ್ರಿ. ಕಾರ್ಡು ಯಾರ ಯಾರ ಕಡೆ ಅದಾವ ನನಗ ಗೊತ್ತೈತಿ. ಬದಲಿ ಹೊಸಾ ಕಾರ್ಡ್ ಕೊಟ್ಟು ಇಸ್ಕೊಂಡು ಬರೂಣು."

ಮರುದಿನ ಅವನು ಬಂದ. ಸಿಟ್ಟು ಎಲ್ಲೋ ಹೋಗಿತ್ತು. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದ.

'ನಿದ್ದಿ ಆಗಿರಬೇಕು, ಸಿಟ್ಟು ಇಳದೈತಿ' ಎಂದುಕೊಂಡಳು. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಮೊದಲು ಮುಧೋಳ. ತಾಯವ್ವ ಎಂಬ ಅಜ್ಜಿ ಮೊಮ್ಮಗಳು ಕೊಟ್ಟ ಕಾರ್ಡನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ನಿಲ್ಲಿಸಿದ್ದಳು.

"ದೇವರ ಮುಂದಿಂದು ತಗೀಬಾರದವಾ..." ಎಂದ ಅಜ್ಜಿ ಇಬ್ಬರ ಮುಖವನ್ನೂ ನೋಡಿದಳು. "ಆತು, ಒಯ್ಯರಿ. ಗಂಡಾ ಹೆಣ್ತಿ ಕೂಡಿ ಬಿಸಲಾಗ ಬಂದೀರಿ, ಬರಿಗೈಲೆ ಹೆಂಗ ಕಳಸಲಿ?"

ಮಧುಮತಿಗೆ ಕರೆಂಟ್ ಹೊಡೆದಂತಾಯಿತು! ಅವನು ತಿದ್ದುತ್ತಾನೆ ಎಂದು ಕಾದಳು. ಅವನು ಜಗಲಿಗೆ ಕೈ ಮುಗಿದು ಸುಮ್ಮನೆ ಹೊರಬಿದ್ದ.

"ಯಾಕ್ರೀ ಸುಮ್ಮನಿದ್ರಿ?" ಬೈಕ್ ಹತ್ತುವಾಗ ಕೇಳಿದಳು.

"ನೀವ್ಯಾಕ ಸುಮ್ಮನಿದ್ರಿ?"

ಅವಳು ಕಾರ್ಡಿನ ಚೀಲವನ್ನು ಇಬ್ಬರ ನಡುವೆ ಇಟ್ಟುಕೊಂಡು ಹಿಂದೆ ಕೂತಳು.

ಆಮೇಲೆ ಬಾಡಗಂಡಿ. ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಬಾಳಾಸಾಹೇಬ ಬೈಕಿನ ಡಬ್ಬಿಯಿಂದ ಕಾರ್ಡು ತೆಗೆದುಕೊಟ್ಟ. ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ.

"ಕೊಡಲಿಲ್ಲೇನ್ರಿ ಇದನ್ನ?" ಮಧುಮತಿ ಕೇಳಿದಳು.

"ಕೊಡಬೇಕಂತ ದಿನಾ ಒಯ್ತಿದ್ದೆ. ಧೈರ್ಯ ಆಗಲಿಲ್ಲ. ಆಕಿ ಮದುವಿ ಆಗಿ ಹೋತು." ಅವನು ಲಾರಿಯ ನಂಬರು ಹೇಳುವವನ ಹಾಗೆ ಹೇಳಿದ. "ಬದಲಿ ಕಾರ್ಡ್ ಬ್ಯಾಡ್ರಿ ನನಗ. ಏನ್ ಮಾಡ್ಲಿ ತಗೊಂಡು?"

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅದೇ ಮಾತು. ಧೈರ್ಯ ಆಗಲಿಲ್ಲ... ಮದುವಿ ಆಗಿ ಹೋತು...

ಬದಲಿ ಕಾರ್ಡು ಮಾಡುವುದಕ್ಕೆ ಅವನೂ ಕೈ ಹಾಕತೊಡಗಿದ. ಮಗ್ಗ ನಡೆಸುವ ಕೈಗೆ ಕಾಗದ ಮಣಿಯುತ್ತಿರಲಿಲ್ಲ.

"ಅಯ್ಯ, ಮುಚ್ಚಬ್ಯಾಡ್ರಿ! ಅಂಟು ಹಸಿ ಐತಿ. ಈಗ ಮುಚ್ಚಿದ್ರ ಒಳಗಿಂದೆಲ್ಲಾ ಹತ್ತಿಬಿಡತೈತಿ. ಆಮ್ಯಾಲೆ ಹರದರೂ ಬಿಚ್ಚಂಗಿಲ್ಲ."

"ಎಷ್ಟೊತ್ತು ಕಾಯಬೇಕ್ರಿ?"

"ಅಂಟು ಒಣಗೂ ತನಕ."

"ನನಗ ತಾಳ್ಮಿ ಕಡಿಮಿ ರೀ."

"ಕಾಣತೈತಿ ಬಿಡ್ರಿ. ಮೊದಲನೇ ದಿನಾನ ಕಂಡೇನಿ!"

ಅವನು ನಕ್ಕ. ಅವಳು ತಲೆ ತಗ್ಗಿಸಿ ಹಕ್ಕಿಯ ರೆಕ್ಕೆ ಕತ್ತರಿಸಿದಳು. ರೆಕ್ಕೆ ಸೊಟ್ಟಗಾಯಿತು.

ಒಂದೊಂದಾಗಿ ರಟ್ಟುಗಳು ಮರಳಿದವು. ಕೊನೆಗೆ ಒಂದೇ ಒಂದು ಉಳಿಯಿತು.

ಅದು ಸಿಕ್ಕಿದ್ದು ಅವಳ ಮನೆಯಲ್ಲೇ! ಮಡಿಕೆ ತಪ್ಪಿತೆಂದು ಡಬ್ಬಿಯ ತಳಕ್ಕೆ ಹಾಕಿದ್ದ ಕಾರ್ಡಿನ ಬೆನ್ನಿಗೆ ಅಂಟಿಕೊಂಡಿತ್ತು. ಬಿಡಿಸಿ ನಂಬರು ನೋಡಿದಳು. ಅದೇ.

ಕುಣಿದಾಡಬೇಕಿತ್ತು. ಫೋನ್ ಮಾಡಬೇಕಿತ್ತು. ಎರಡನ್ನೂ ಮಾಡಲಿಲ್ಲ.

'ಇದನ್ನ ಕೊಟ್ಟರ ನಾಳೆಯಿಂದ ಅವ ಬರಂಗಿಲ್ಲ.'

ಕಾಗದ ಕತ್ತರಿಸುವ ರಬ್ಬರ್ ಹಾಸಿನ ಕೆಳಗೆ ರಟ್ಟನ್ನು ಸರಿಸಿಟ್ಟಳು. ಇಟ್ಟ ಮೇಲೆ ತನ್ನ ಕೈಯನ್ನೇ ನೋಡಿಕೊಂಡಳು. ನಾನೇನ್ ಮಾಡಿದೆ? ಒಬ್ಬ ಹುಡುಗಿಯ ಮದುವಿ ಸೀರಿ ಮುಚ್ಚಿಟ್ಟೆನಾ ನಾನು?

"ಸಿಗವಲ್ದು ರೀ," ಎಂದಳು ಮರುದಿನ.

"ಹುಡುಕೂಣು," ಎಂದ ಅವನು. ಬೇಸರ ತೋರಿಸಲಿಲ್ಲ.

ಜಮಖಂಡಿಗೆ ಹೋದರು. ತೇರದಾಳಕ್ಕೆ ಹೋದರು. ಒಂದು ದಿನ ಅವನೇ "ಹಿಪ್ಪರಗಿ ಕಡೆ ನೋಡೂಣೇನ್ರಿ?" ಎಂದ. ಹಿಪ್ಪರಗಿಯಲ್ಲಿ ಅವಳು ಒಂದು ಕಾರ್ಡನ್ನೂ ಮಾರಿರಲಿಲ್ಲ. ಆದರೂ ಹೋದಳು. ಬ್ಯಾರೇಜಿನ ಹತ್ತಿರ ನಿಂತು ಗಿರಮಿಟ್ಟು ತಿಂದರು. ಕೃಷ್ಣೆಯ ನೀರು ನೋಡಿದರು. ಕಾರ್ಡಿನ ಬಗ್ಗೆ ಯಾರನ್ನೂ ಕೇಳಲಿಲ್ಲ. ಭಾಗ್ಯಾಳ ಮದುವೆ ಹತ್ತಿರ ಬರುತ್ತಿತ್ತು. ಅವಳು ಗಿರಮಿಟ್ಟನ್ನು ಅರ್ಧಕ್ಕೇ ಬಿಟ್ಟಳು.

ಆ ವಾರವೇ ಅವಳು ಚಹಾ ತರಲು ಒಳಗೆ ಹೋದಾಗ ಅವನು ಮೇಜು ಒರೆಸಲೆಂದು ಹಾಸನ್ನು ಎತ್ತಿದ.

ಕಪ್ಪು ಹಿಡಿದು ಬಂದವಳು ಬಾಗಿಲಲ್ಲೇ ಕಲ್ಲಾದಳು.

ರಟ್ಟು ಅವನ ಕೈಯಲ್ಲಿತ್ತು!

"ಇದು... ಇಲ್ಲೇ ಇತ್ತೇನು?"

"ಹೂಂ."

"ನಿಮಗ ಗೊತ್ತಿತ್ತೇನು?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. "ಗೊತ್ತಿತ್ತು ರೀ."

ಅವನ ಮುಖ ಬಿಳಿಚಿಕೊಂಡಿತು. ಒದರಲಿಲ್ಲ. ಬೈಯಲಿಲ್ಲ. ಒದರಿದ್ದರೆ ಚೆನ್ನಾಗಿತ್ತು! ರಟ್ಟನ್ನು ಮೇಜಿನ ಮೇಲಿಟ್ಟು, ಚಹಾ ಕುಡಿಯದೆ ಹೊರಟುಹೋದ.

ರಟ್ಟನ್ನು ಅಲ್ಲೇ ಬಿಟ್ಟು ಹೋದ.

ಎಷ್ಟು ಅಸಹ್ಯ ಪಟ್ಟಿರಬೇಕು... ಬೇಕಾದ ವಸ್ತುವನ್ನೂ ನನ್ನ ಕೈಯಿಂದ ತೆಗೆದುಕೊಳ್ಳದಷ್ಟು! ಅವಳು ಹಾಗೆಂದೇ ತಿಳಿದಳು. ಅವನು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

'ನಾ ಹೆಂಗರ ಆಗಲಿ, ಆ ಹುಡುಗಿ ಸೀರಿ ನಿಲ್ಲಬಾರದು.'

ರಟ್ಟನ್ನು ಚೀಲದಲ್ಲಿಟ್ಟುಕೊಂಡು ರಬಕವಿಗೆ ಹೋದಳು.

ಮುರಗೆಪ್ಪ ಪಡಸಾಲೆಯಲ್ಲಿ ಕೂತಿದ್ದರು. ಮಡಿಲಲ್ಲಿ ನಡುಗುವ ಕೈಗಳು.

"ಯಾರವ್ವಾ?"

"ಬನಹಟ್ಟಿಯಿಂದ ಬಂದೇನ್ರಿ. ಮಧುಮತಿ."

"ಕಾರ್ಡಿನ ಹುಡುಗಿ! ಬಾ, ಕುಂಡ್ರು ಬಾ."

ಅವಳು ಕೂರಲಿಲ್ಲ. ರಟ್ಟನ್ನು ಮುಂದೆ ಚಾಚಿದಳು. "ತಪ್ಪಾತು ರೀ ಅಪ್ಪಾರ. ಉಳಿದ ರಟ್ಟು ನನ್ನ ಕಡೇನ ಇತ್ತು. ಇನ್ನರ ಸೀರಿ ನೇಯಸ್ರಿ."

ಮುದುಕ ಕಣ್ಣು ಕಿರಿದು ಮಾಡಿದರು. "ಯಾವ ಸೀರಿ? ಅದು ನೇಯ್ದು ಪೆಟ್ಟಿಗ್ಯಾಗ ಕುಂತೈತೆಲ್ಲವಾ!"

"ಏನು?!"

"ಭಾಗ್ಯಾ, ತಂದು ತೋರಸ ಬೇ."

ಒಳಗಿಂದ ಭಾಗ್ಯಾ ಸೀರೆ ತಂದು ಬಿಚ್ಚಿದಳು. ಸೆರಗಿನ ತುಂಬ ಹೂವು. ಎಲ್ಲೂ ಒಂದು ಸಾಲು ತಪ್ಪಿರಲಿಲ್ಲ.

ಮಧುಮತಿ ಸೆರಗನ್ನೂ ಕೈಯಲ್ಲಿದ್ದ ರಟ್ಟನ್ನೂ ಮತ್ತೆ ಮತ್ತೆ ನೋಡಿದಳು. "ಈ ರಟ್ಟು ಇಲ್ಲದ... ಹೆಂಗರೀ?"

"ನಾ ಬರದ ಹೂವು ಏರಿದಂಗ ಇಳಿತೈತಿ. ಏರೂಮುಂದಿನ ರಟ್ಟ ಇಳಿಯೂಮುಂದ ಮತ್ತ ಬರತೈತಿ. ನೀ ಮಾರಿದ ಎಲ್ಲಾದರ ಜೋಡಿನೂ ಆ ಚೀಲದಾಗ ಇತ್ತು. ಹೊಸಾ ರಟ್ಟಿನ ಮ್ಯಾಲೆ ಇಟ್ಟು ತೂತು ಹೊಡದರ ಆತು. ಮೊದಲನೇ ದಿನಾ ಸಂಜೀಕನ ಹೇಳೇನಿ ನನ್ನ ಮಗಗ!"

ಮೊದಲನೇ ದಿನವೇ!

ಅಂದರೆ ಮುಧೋಳ ಬೇಕಿರಲಿಲ್ಲ. ಬಾಡಗಂಡಿ ಬೇಕಿರಲಿಲ್ಲ. ಯಾವುದೂ ಬೇಕಿರಲಿಲ್ಲ!

"ಅಣ್ಣಾ!" ಭಾಗ್ಯಾ ಹಿತ್ತಲಿನ ಕಡೆ ಕೂಗಿದಳು. "ಅಪ್ಪ ಎಲ್ಲಾ ಹೇಳಿಬಿಟ್ಟ. ಇನ್ನ ಹೊರಗ ಬಾ!"

ಬಸವಕುಮಾರ ಬಂದು ಕಂಬದ ಪಕ್ಕ ನಿಂತ. ಬೆರಳಿಗೆಲ್ಲ ಅಂಟು ಮೆತ್ತಿತ್ತು. ಮುರಗೆಪ್ಪ ಮಗಳನ್ನು ಕರೆದುಕೊಂಡು ಒಳಗೆ ಹೋದರು.

"ಸುಳ್ಳ!" ಅವಳು ರಟ್ಟನ್ನು ಅವನ ಮುಂದೆ ಹಿಡಿದಳು. "ಆ ಮುದುಕಿ ದೇವರ ಮುಂದಿಂದ ತಗದು ಕೊಟ್ಟಾಳ್ರೀ! ನಾ ಇಲ್ಲೆ ತಪ್ಪು ಮಾಡೇನಂತ ಅನ್ನ ಬಿಟ್ಟೇನಿ! ನೀವು..."

"ನೀವು ಒಂದು ರಟ್ಟು ಮುಚ್ಚಿಟ್ರಿ. ನಾ ಎಲ್ಲಾ ಮುಚ್ಚಿಟ್ಟೆ. ಅವತ್ತ ನೀವು ಖರೆ ಹೇಳಿಬಿಟ್ರಿ. ನನಗ ಹೇಳಾಕ ಬಾಯಿ ಬರಲಿಲ್ಲ. ಯಾವ ಮುಖಾ ತಗೊಂಡು ಮತ್ತ ಬರ್ಲಿ?"

"ಯಾಕ ಮುಚ್ಚಿಟ್ರಿ?"

ಅವನು ಅಂಗಿಯ ಕಿಸೆಯಿಂದ ಒಂದು ಕಾರ್ಡು ತೆಗೆದ. "ಇದರಾಗ ಐತಿ. ಬಿಚ್ಚರಿ."

ಅವಳು ಬಿಚ್ಚಲು ನೋಡಿದಳು. ಬರಲಿಲ್ಲ. ಉಗುರು ಹಾಕಿ ಎಳೆದಳು. ಜಗ್ಗಲಿಲ್ಲ.

"ಹಸಿ ಅಂಟಿನ ಮ್ಯಾಲೆ ಮುಚ್ಚೀರಿ!"

"ನೀವು ಬಂದೀರಂತ ಗೊತ್ತಾತು... ಗಡಬಡಿಯೊಳಗ..."

ಅವಳಿಗೆ ಅಳು ಬಂತು, ಜೊತೆಗೆ ನಗುವೂ ಬಂತು. "ಏನಿತ್ತು ಇದರಾಗ?"

"ಬಾಯಿಲೆ ಹೇಳಬೇಕೇನ್ರಿ?"

"ಮತ್ತೇನ್ ಮಾಡೂದು? ಬಾಳಾಸಾಹೇಬನಂಗ ಡಬ್ಬ್ಯಾಗ ಇಟ್ಕೊಂಡು ತಿರಗತೀರೇನು?"

ಅವನು ಅಂಟು ಮೆತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಂಡ.

"ಮುಧೋಳಕ್ಕ ಹೋಗೂಣು. ತಾಯವ್ವಗ ಆಕಿ ಕಾರ್ಡ್ ಇದ್ದಂಗ ಮಾಡಿ ವಾಪಸ್ ಕೊಡೂಣು."

"ಏನಂತ ಹೇಳಿ ಕೊಡೂದು? ಸುಳ್ಳು ಹೇಳಿ ಒಯ್ದಿದ್ವಿ ಅಂತೇನು?"

"ಆಕಿ ಅವತ್ತ ನಮ್ಮನ್ನ ಏನಂದ್ಲು, ಅದನ್ನ ಖರೆ ಮಾಡಿಕೊಂಡು ಹೋಗೂಣು." ಅವನು ಅವಳ ಕಣ್ಣನ್ನು ನೇರವಾಗಿ ನೋಡಿದ. "ಬರತೀ ಏನ್, ಮಧು?"

'ರೀ' ಇಲ್ಲದ ತನ್ನ ಹೆಸರನ್ನು ಅವಳು ಅವನ ಬಾಯಲ್ಲಿ ಮೊದಲ ಸಲ ಕೇಳಿದಳು. ಅಂಟಿಕೊಂಡ ಕಾರ್ಡನ್ನು ರಟ್ಟಿನ ಜೊತೆ ತನ್ನ ಚೀಲಕ್ಕೆ ಹಾಕಿಕೊಂಡಳು.

"ಅದನ್ಯಾಕ ಒಯ್ತೀ? ಕೆಟ್ಟೈತಿ ಅದು."

"ಇರಲಿ. ಬರತೇನಿ. ಆದರ ಅಂಟು ಹಚ್ಚೂ ಕೆಲಸಾ ಮಾತ್ರ ನಂದು!"