ಹ್ಯಾಂಡಲಿಗೆ ಸುತ್ತಿದ ಕಂಬಳಿ

“ರೇಸಿಗಿ ಹೊಂಟೀರೋ, ಕುರಿ ಕಾಯಲಿಕ್ಕೋ?”

ಬೀದರಿನ ನೌಬಾದದ ರಸ್ತೆಯಲ್ಲಿ ಸಾಲಾಗಿ ನಿಂತಿದ್ದ ಬೇರೆ ಕಾಲೇಜಿನ ಹುಡುಗಿಯರು ಕಿಸಕ್ಕನೆ ನಕ್ಕರು. ಮುಕ್ತಾಳ ಮುಖ ಕೆಂಪಾಯಿತು. ಅವಳ ಸೈಕಲ್ಲಿನ ಹ್ಯಾಂಡಲಿಗೆ ಯಾರೋ ಕಂಬಳಿಯ ಪಟ್ಟಿ ಸುತ್ತಿದ್ದರು.

“ಮಳಿಯಾಗ ಕೈ ಜಾರ್ತಾವ್ರಿ. ಅದಕ್ಕ ನಾನೇ ಸುತ್ತೀನಿ,” ಎಂದ ಪಕ್ಕದಲ್ಲಿದ್ದ ಸಂಜುಕುಮಾರ.

“ನಾ ನಿಮ್ಮ ಹಟ್ಟಿ ಕುರಿ ಅಲ್ಲ, ಕಂಬಳಿ ಹೊದಿಸಲಿಕ್ಕ.”

ಪಟ್ಟಿಯನ್ನು ಕಿತ್ತು ನೀರು ನಿಂತ ಗುಂಡಿಗೆ ಎಸೆದಳು. ಸಂಜುವಿನ ಕಣ್ಣು ಒಮ್ಮೆ ಆ ಗುಂಡಿಯ ಕಡೆ ಹೋಗಿ ಬಂತು.

ಎಕಂಬಾದ ಕುರಿ ಸಾಕುವ ಮನೆಯ ಈ ಹುಡುಗನನ್ನು ಅವಳು ಕಂಡದ್ದೇ ಆ ಬೆಳಿಗ್ಗೆ. ತಂಡಕ್ಕೆ ಹೊಸಬ. ತಂಡದ ತರಬೇತಿ ನೋಡಿಕೊಳ್ಳುವ ಆಬೇದಾ ಮೇಡಮ್ ಇಬ್ಬರನ್ನೂ ಜೋಡಿ ಮಾಡಿದ್ದರು. ಅಂದು ಶನಿವಾರ ಭಾಲ್ಕಿಗೆ, ಮರುದಿನ ಔರಾದಿಗೆ ಜೋಡಿ ರೇಸ್.

ಭಾಲ್ಕಿ ಹತ್ತಿರವಾದಂತೆ ಗಾಳಿ ಮಳೆಯನ್ನು ಅಡ್ಡಡ್ಡ ಬೀಸತೊಡಗಿತು. ಸಂಜು ಗಾಳಿಗೆ ಎದೆಯೊಡ್ಡಿ ಮುಂದೆ ತುಳಿಯುತ್ತಿದ್ದ. ಅವನ ಬೆನ್ನ ಮರೆಯಲ್ಲಿ ಮುಕ್ತಾ. ತಿರುವಿನಲ್ಲಿ ಅವಳ ಒದ್ದೆ ಕೈ ಜಾರಿತು. ಅವಳ ಗಾಲಿ ಅವನ ಗಾಲಿಗೆ ತಾಗಿ ಇಬ್ಬರೂ ರಸ್ತೆಗೆ ಬಿದ್ದರು.

ಆಬೇದಾ ಮೇಡಮ್ ಹಿಂದೆ ಬರುತ್ತಿದ್ದ ತಂಡದ ಗಾಡಿಯಿಂದ ಇಳಿದು ಓಡಿ ಬಂದರು. “ಯಾರ್ದು ತಪ್ಪು?”

ಮುಕ್ತಾ ಬಾಯಿ ತೆರೆದಳು.

“ನಂದೇರಿ ಮೇಡಮ್,” ಎಂದ ಸಂಜು, ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತ. “ಹೇಳದ ಬ್ರೇಕ್ ಹಿಡದೆ.”

ಬೆನ್ನ ಹಿಂದೆ ಜೊತೆಗಾರರಿದ್ದಾಗ ಹೇಳದೆ ಬ್ರೇಕ್ ಹಿಡಿಯುವುದು ಆ ತಂಡದಲ್ಲಿ ದೊಡ್ಡ ತಪ್ಪು. “ನಾಳೆ ನಿನ್ನ ಜಾಗಕ್ಕ ಆಶೀಷ ಬರ್ತಾನ,” ಎಂದರು ಮೇಡಮ್.

ಮುಕ್ತಾ ನಿಜ ಹೇಳದೆಯೇ ತನ್ನ ಸೈಕಲ್ಲನ್ನು ಗಾಡಿಗೇರಿಸಿದಳು.

ಬೀದರಿಗೆ ಮರಳುವಾಗ ಗಾಡಿಯ ಹಿಂದಿನ ಸೀಟಿನಿಂದ ಸಂಜುವಿನ ಫೋನಿನ ಮಾತು ಕೇಳಿಸಿತು.

“ಅವ್ವಾ, ನಾಳೆ ಔರಾದಿಗಿ ಬರಬ್ಯಾಡ... ಇಲ್ಲ, ನಾ ಓಡಸಂಗಿಲ್ಲ... ಕಂಬಳಿ ಪಟ್ಟಿನಾ? ಹೂಂ, ಭಾಳ ಉಪಯೋಗ ಆತು. ಆದರ ನೀ ಹೊದಿಯೋ ಕಂಬಳಿ ಯಾಕ ಕತ್ತರಸಿದಿ?”

ಮುಕ್ತಾ ಕಿಟಕಿಗೆ ಹಣೆ ಒತ್ತಿ ಕಣ್ಣು ಮುಚ್ಚಿದಳು. ‘ನನ್ನ ಕೈಯಾರೆ ಎಸೆದೆನಲ್ಲ... ಅವನು ಅದನ್ನೂ ಮುಚ್ಚಿಟ್ಟನಲ್ಲ.’

ನೌಬಾದದಲ್ಲಿ ಇಳಿದವಳೇ ಆ ಗುಂಡಿಯ ಬಳಿ ಹೋಗಿ ಕೆಸರಿನಲ್ಲಿ ಕೈಯಾಡಿಸಿದಳು. ಪಟ್ಟಿ ಸಿಕ್ಕಿತು. ಮನೆಯಲ್ಲಿ ಅದನ್ನು ತೊಳೆದು ಇಸ್ತ್ರಿ ಹಿಡಿಯುತ್ತಿದ್ದಾಗ ತಾಯಿ ಪ್ರಮಿಲಾ ಮೂಗು ಮುರಿದರು. “ಏನದು ಗಲೀಜ?”

“ಗಲೀಜ ಇದಲ್ಲ ಆಯಿ. ನಾನು.”

ಭಾನುವಾರ ಬೆಳಿಗ್ಗೆಯೂ ಮಳೆ. ಮುಕ್ತಾ ಎಲ್ಲರಿಗಿಂತ ಮೊದಲು ಬಂದು ಪಟ್ಟಿಯನ್ನು ಸಂಜುವಿನ ಹ್ಯಾಂಡಲಿಗೆ ಸುತ್ತಿದಳು. ಆಮೇಲೆ ಇಡೀ ತಂಡದ ಎದುರು ನಿಂತಳು.

“ಮೇಡಮ್, ನಿನ್ನಿ ಬ್ರೇಕ್ ಯಾರೂ ಹಿಡಿಲಿಲ್ಲರಿ. ನನ್ನ ಕೈ ಜಾರ್ತು. ಅವ್ರು ಸುತ್ತಿದ್ದ ಪಟ್ಟಿನೂ ನಾನೇ ಕಿತ್ತು ಒಗದಿದ್ದೆ.”

“ನಿನ್ನಿ ಯಾಕ ಹೇಳಲಿಲ್ಲ?”

“ನಾಚಿಕಿ ಆತ್ರಿ.”

“ಇವತ್ತ?”

“ಇವತ್ತ ಅದಕ್ಕೂ ಹೆಚ್ಚು ಆಗ್ಯಾದ್ರಿ.”

“ಸಂಜು, ಮುಕ್ತಾಳ ಜಾಗಕ್ಕ ಕಾಜಲ ಬರ್ತಾಳ, ಆಕಿ ಜೋಡಿ ನೀನೇ ಓಡಸು. ಮುಕ್ತಾ, ನೀ ಗಾಡ್ಯಾಗ ಕೂಡು.” ಮೇಡಮ್ ಅಷ್ಟು ಗಡಸಾಗಿ ಹೇಳಿ, ತಮ್ಮ ಕರವಸ್ತ್ರವನ್ನು ಅವಳ ಅಂಗೈಯಲ್ಲಿಟ್ಟು ಹೋದರು.

ಔರಾದಿನಲ್ಲಿ, ರೇಸ್ ಮುಗಿಯುವ ಗೆರೆಯ ಬಳಿ, ಕಂಬಳಿಯನ್ನು ತಲೆಯಿಂದ ಕೊಪ್ಪೆಯಾಗಿ ಹೊದ್ದ ಒಬ್ಬ ಹೆಂಗಸು ಮಳೆಯಲ್ಲಿ ನಿಂತಿದ್ದಳು. ಕಂಬಳಿಯ ಒಂದು ಅಂಚನ್ನು ಕತ್ತರಿಸಲಾಗಿತ್ತು. ಮಗ ಬೇಡವೆಂದರೂ ಬಂದಿದ್ದಳು ಸಂಜುವಿನ ಅವ್ವ ಸಖುಬಾಯಿ.

“ತೊಯ್ತೀ ಯವ್ವಾ, ಒಳಗ ಬಾ,” ಎಂದು, ಗಾಡಿಯಿಂದಿಳಿದು ಹತ್ತಿರ ಬಂದ ಮುಕ್ತಾಳನ್ನು ಕಂಬಳಿಯೊಳಗೆ ಎಳೆದುಕೊಂಡಳು.

ಆ ಬೆಚ್ಚನೆಯ ಉಣ್ಣೆಯ ವಾಸನೆಗೆ ಮುಕ್ತಾ ಬಿಕ್ಕಿದಳು. “ಅವ್ವಾರ, ನೀವು ಕೊಟ್ಟ ಪಟ್ಟಿ ಕೆಸರಿಗಿ ಒಗದಾಕಿ ನಾನೇರಿ.”

“ಈಗ ಎಲ್ಲದ ಅದು?”

“ತೊಳದು ಅವರ ಹ್ಯಾಂಡಲಿಗಿ ಸುತ್ತೀನ್ರಿ.”

“ಮತ್ಯಾಕ ಅಳ್ತಿ? ನೋಡು, ಬಂದ.”

ಸಂಜು–ಕಾಜಲ ಜೋಡಿ ನಾಲ್ಕನೆಯದಾಗಿ ಗೆರೆ ದಾಟಿತು. ಅವನು ತಾಯಿಯ ಕಾಲು ಮುಟ್ಟಿ, ಕಂಬಳಿಯೊಳಗಿದ್ದ ಇನ್ನೊಂದು ಮುಖ ನೋಡಿ ನಕ್ಕ.

“ಪಟ್ಟಿ ಉಲ್ಟಾ ಸುತ್ತೀರಿ. ದಾರಿ ತುಂಬ ಬಿಚ್ಚಕೋತ ಬಂತು.”

“ಕಿತ್ತು ಒಗಿಬೇಕಿತ್ತು.”

“ಒಗೀಲಿಕ್ಕ ಮನಸ್ಸಾಗಲಿಲ್ಲರಿ.”

“ನಿನ್ನಿ ಸುಳ್ಳು ಯಾಕ ಹೇಳಿದಿ?”

“ನೀವು ನಡುಗತಿದ್ರಿ. ಮುಂದಿದ್ದಾವ ಗಾಳಿ ತಡೀಬೇಕಲ್ಲ?”

ಮುಕ್ತಾ ತಲೆ ತಗ್ಗಿಸಿದಳು. “ಇನ್ನ ಮ್ಯಾಲ ಅರ್ಧ ದಾರಿ ನಾ ಮುಂದ ಇರ್ತೇನಿ.”

“ಎಲ್ಲೀ ತನಕ?”

“ನೀ ಸಾಕು ಅನ್ನೋ ತನಕ.”

ಅವನ ನಗು ನಿಂತಿತು. ಮಳೆಹನಿ ರೆಪ್ಪೆಯಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

“ನಾ ಅನ್ನಂಗಿಲ್ಲ,” ಎಂದ ಮೆಲ್ಲಗೆ. ಆಮೇಲೆ ಸೈಕಲ್ಲನ್ನು ಅವಳ ಕಡೆ ತಿರುಗಿಸಿದ. “ಬರ್ರಿ, ಪಟ್ಟಿ ಸುತ್ತೋದು ತೋರಸ್ತೇನಿ.”

“ಬರ್ರಿ ಅನಬ್ಯಾಡ.”

“ಬಾ,” ಎಂದ.