ಫೋನಿನೊಳಗೆ ತೋರಿಸಿದ ಬೆರಳು

"ನಮ್ಮನೆ ಬಚ್ಚಲಿಗೆ ಈಗ ಗೋಡೆನೇ ಇಲ್ಲ ಕಣೆ," ಎಂದಳು ಸಿಮ್ರಾನ್. ಅವಳ ತಲೆ ತುಂಬ ಸಿಮೆಂಟಿನ ಪುಡಿ. ಕೈಯಲ್ಲಿ ಅಮ್ಮಿಯ ಫೋನು.

"ಮತ್ತೆ ಸ್ನಾನ?" ಫೋನಿನೊಳಗಿಂದ ಆಶಾ ಕೇಳಿದಳು.

"ಪಕ್ಕದ ನಾಗರತ್ನಮ್ಮ ಆಂಟಿ ಮನೇಲಿ. ಅಬ್ಬಾ, ಅಮ್ಮಿ, ನಾನು, ಬಕೆಟ್ಟು ಹಿಡ್ಕಂಡು ಲೈನಾಗಿ ಹೋಗ್ತೀವಿ, ಸ್ಕೂಲ್ ಪರೇಡ್ ತರ. ಒಲೆ ವರಾಂಡದಾಗೈತೆ. ಫ್ರಿಡ್ಜು ನನ್ನ ಮಂಚದ ಪಕ್ಕ ಮಲಗೈತೆ. ಈಗ ನಿನ್ನ ಸುದ್ದಿ ಹೇಳು."

ಹೋದ ವರ್ಷದವರೆಗೂ ಇಬ್ಬರದೂ ದಾವಣಗೆರೆಯಲ್ಲಿ ಒಂದೇ ಶಾಲೆ, ಒಂದೇ ಬೆಂಚು. ಆಶಾ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಐದನೇ ಕ್ಲಾಸಿಗೆ ತನ್ನೂರು ಭಾನುವಳ್ಳಿಗೆ ಹೋಗಿಬಿಟ್ಟಳು. ಸಿಮ್ರಾನಳ ಮನೆಯಿರುವ ಕೆ.ಬಿ. ಬಡಾವಣೆಯಿಂದ ಅಲ್ಲಿಗೆ ಹೋಗಬೇಕೆಂದರೆ ಹರಿಹರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಅದಕ್ಕೇ ದಿನಾ ಸಂಜೆ ಫೋನು. ಸಿಮ್ರಾನಳದು ಮನೆ ರಿಪೇರಿ ಸುದ್ದಿ, ಆಶಾಳದು ಹಿತ್ತಲ ಸುದ್ದಿ.

"ನಮ್ಮ ಸೋರೆಬಳ್ಳಿ ಕೊಟ್ಟಿಗೆ ಹತ್ತಿ, ಅಲ್ಲಿಂದ ಡಿಶ್ಶಿಗೆ ಸುತ್ಕಂಡೈತೆ," ಎಂದಳು ಆಶಾ. "ಟೀವಿ ಬರವಲ್ದು. ಅಪ್ಪ ಬಳ್ಳಿ ಕೊಯ್ತೀನಿ ಅಂತಾನೆ. ಅಜ್ಜಿ, ಟೀವಿ ಏನು ಕಾಯಿ ಬಿಡ್ತೈತಾ ಅಂತ ಕೇಳ್ತಾಳೆ. ತಡಿ, ನಿನ್ನ ಹೀಚು ತೋರಿಸ್ತೀನಿ."

'ನಿನ್ನ ಹೀಚು' ಎಂದರೆ ಸಿಮ್ರಾನಳಿಗೆಂದೇ ಇಟ್ಟ ಎಳೆಗಾಯಿ. ಮನೆ ಕೆಲಸ ಮುಗಿದ ಮೇಲೆ ಎಲ್ಲರನ್ನೂ ಕರೆದು ದಾವತ್ ಮಾಡುವುದಿತ್ತು. ಅಮ್ಮಿ ಸೋರೆಕಾಯಿಯ ಖೀರು ಮಾಡುತ್ತಾರೆ. ಕಾಯಿ ಮಾತ್ರ ಆಶಾಳ ಬಳ್ಳಿಯದೇ ಆಗಬೇಕು. ಹಾಗಂತ ಗೆಳತಿಯರಿಬ್ಬರೂ ಮಾತಾಡಿಕೊಂಡಿದ್ದರು.

ಫೋನಿನಲ್ಲಿ ಮೊದಲು ಆಕಾಶ ಬಂತು. ಆಮೇಲೆ ಎಮ್ಮೆಯ ಕಿವಿ. ಆಮೇಲೆ ಎಲೆಯೋ ಎಲೆ.

"ಎಲ್ಲೇ? ಇದಾ?" ಎನ್ನುತ್ತ ಸಿಮ್ರಾನ್ ಫೋನಿನ ಪರದೆಯಲ್ಲಿ ತೋರುಬೆರಳನ್ನು ಸರಿಯಾಗಿ ಹೀಚಿನ ಮೇಲೇ ಇಟ್ಟಳು.

ಅದೇ ಹೊತ್ತಿಗೆ ಅತ್ತಲಿಂದ ಆಶಾಳ ಅಜ್ಜಿ ಮರಿಯವ್ವನ ದನಿ ಬಂತು. "ಏ ಆಶಾ, ಹೀಚಿಗೆ ಬೆರಳು ತೋರಿಸಬ್ಯಾಡ ಅಂತ ಎಷ್ಟು ಸಲ ಹೇಳ್ಲಿ? ಕೊಳೆತು ಉದುರ್ತೈತೆ. ಬೆರಳು ಮಡಚಿ ಮುಷ್ಟಿ ತೋರಿಸು."

ಬಿಸಿ ತವಾ ಮುಟ್ಟಿದವಳಂತೆ ಸಿಮ್ರಾನ್ ಬೆರಳು ಎಳೆದುಕೊಂಡಳು. ಅಜ್ಜಿ ಬೈದದ್ದು ಆಶಾಳಿಗೆ. ಇವಳ ಬೆರಳನ್ನು ಯಾರೂ ನೋಡಿರಲಿಲ್ಲ.

ಮೂರನೇ ದಿನ ಆಶಾ ಸಣ್ಣ ದನಿಯಲ್ಲಿ, "ಹೀಚು ಹಳದಿಯಾಗಿ ಉದುರಿಬಿಡ್ತು," ಎಂದಳು.

"ಯಾಕೆ?" ಎಂದು ಕೇಳುತ್ತ ಸಿಮ್ರಾನ್ ತೋರುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಗೊತ್ತಿಲ್ಲ."

ತಕ್ಷಣ ಸಿಮ್ರಾನ್ ಜೋರಾಗಿ, "ಬಚ್ಚಲಿಗೆ ಮೀನಿನ ಚಿತ್ರದ ಟೈಲ್ಸ್ ಬಂದೈತೆ, ಒಂದು ಮೀನು ತಲೆಕೆಳಗಾಗಿ ಅಂಟೈತೆ," ಎಂದಳು. ಆಶಾ ಇನ್ನೂ ಜೋರಾಗಿ, "ಕಾಲುವೆ ನೀರು ಬಂತು, ನಮ್ಮ ಕೋಳಿ ಬಿದ್ದು ಈಜಿ ಬಂತು," ಎಂದಳು.

ಅಲ್ಲಿಂದ ಮುಂದೆ ಫೋನಿನಲ್ಲಿ ಸುದ್ದಿಯ ಸುರಿಮಳೆ. ಪೇಂಟು ಚೆಲ್ಲಿದ್ದು, ಅಬ್ಬಾ ಹಸಿ ಸಿಮೆಂಟಿನ ಮೇಲೆ ಕಾಲಿಟ್ಟದ್ದು, ಬದನೆ ಗಿಡಕ್ಕೆ ಹುಳ ಹತ್ತಿದ್ದು. ಸೋರೆಕಾಯಿಯ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಸಿಮ್ರಾನಳಿಗೆ ತಡೆಯಲಾಗಲಿಲ್ಲ. ಟೈಲ್ಸ್ ಹಾಕುತ್ತಿದ್ದ ಮೇಸ್ತ್ರಿ ಎರ್ರಿಸ್ವಾಮಿಯ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಅಣ್ಣಾ, ಹೀಚಿಗೆ ಬೆರಳು ತೋರಿಸಿದ್ರೆ ಉದುರ್ತೈತಾ?"

"ಹೂಂ ಮತ್ತೆ. ನಮ್ಮವ್ವ ತೋರಿಸಾಕೆ ಬಿಡ್ತಿರಲಿಲ್ಲ."

"ಫೋನಲ್ಲಿ ತೋರಿಸಿದ್ರೆ?"

ಎರ್ರಿಸ್ವಾಮಿ ಸಿಮೆಂಟು ಮೆತ್ತುವ ಕರಣಿ ಕೆಳಗಿಟ್ಟ. ತುಂಬಾ ಹೊತ್ತು ಯೋಚಿಸಿದ.

"ನೆಟ್‌ವರ್ಕ್ ಹೆಂಗಿತ್ತು?"

"ಫುಲ್ ಇತ್ತು."

"ಹಂಗಾದ್ರೆ ಹೇಳಾಕ ಬರಲ್ಲವ್ವ," ಎಂದು ಅವನು ಮತ್ತೆ ಕರಣಿ ಎತ್ತಿಕೊಂಡ.

ಭಾನುವಾರ ಅಮ್ಮಿ ದಾವತ್ತಿಗೆ ಕರೆಯಲು ಭಾನುವಳ್ಳಿಗೆ ಹೊರಟರು. "ನೀನೂ ಬಾ," ಎಂದರು. ಬೇರೆ ದಿನವಾಗಿದ್ದರೆ ಸಿಮ್ರಾನ್ ಕುಣಿಯುತ್ತಿದ್ದಳು. ಅವತ್ತು ಹರಿಹರದವರೆಗೂ ಕಿಟಕಿಯಾಚೆ ನೋಡುತ್ತಾ ಕೂತಳು. ಹೇಳಿದರೆ ಆಶಾ ಫೋನು ಮಾಡುವುದನ್ನೇ ಬಿಟ್ಟರೆ? ಹೇಳದಿದ್ದರೆ ದಿನಾ ಹೀಗೆ ಮೀನು, ಕೋಳಿ ಅಂತ ಕೂಗುತ್ತಿರಬೇಕಾ?

"ಬರ್ರವ್ವ, ಕೂಡ್ರಿ," ಎಂದು ಮರಿಯವ್ವ ಅಮ್ಮಿಗೆ ಚಾಪೆ ಹಾಸಿದಳು. ಆಶಾ ಗೆಳತಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಬಳ್ಳಿ ನಿಜಕ್ಕೂ ಡಿಶ್ಶಿಗೆ ಸುತ್ತಿಕೊಂಡಿತ್ತು. ಅದನ್ನು ನೋಡಿದ್ದೇ ಸಿಮ್ರಾನ್ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

"ಕೈ ಯಾಕೆ ಹಿಂದಿಟ್ಕಂಡಿ?"

"ಸುಮ್ನೆ."

ಮರಿಯವ್ವ ಬಂದು ಮಂಡಕ್ಕಿಯ ತಟ್ಟೆ ಚಾಚಿದಳು. ಸಿಮ್ರಾನ್ ಕೈ ಮುಂದೆ ತರಲಿಲ್ಲ. "ಏನವ್ವ, ನಾನೇ ತಿನ್ನಿಸಬೇಕಾ?" ಎಂದಳು ಮರಿಯವ್ವ.

ಸಿಮ್ರಾನಳಿಗೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. "ಆಶಾ, ಆ ಹೀಚು ನನ್ನಿಂದನೇ ಉದುರಿದ್ದು. ನಾನು ಫೋನಲ್ಲಿ ಬೆರಳು ತೋರಿಸಿದ್ದೆ," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಆಶಾ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಅಲ್ಲೇ ಒರಳುಕಲ್ಲಿನ ಮೇಲೆ ಕೂತಳು.

"ನೀನಲ್ಲ ಕಣೆ, ನಾನು. ಹೀಚಿಲ್ಲದ ಹೂವು ಬಾಳ ಬಿಟ್ಟಿದ್ವು. ಅವು ದಂಡ, ಕಿತ್ತಾಕಿದ್ರೆ ಶಕ್ತಿಯೆಲ್ಲಾ ಹೀಚಿಗೇ ಹೋಗ್ತೈತೆ, ನಿಮ್ಮ ಖೀರಿಗೆ ದೊಡ್ಡ ಕಾಯಿ ಆಗ್ತೈತೆ ಅಂತ ದಿನಾ ಎಲ್ಲಾ ಕಿತ್ತು ಎಮ್ಮೆಗೆ ಹಾಕ್ದೆ. ಅವೇ ಗಂಡು ಹೂವಂತೆ. ಅವಿಲ್ದಿದ್ರೆ ಹೀಚು ನಿಲ್ಲಲ್ವಂತೆ. ಉದುರಿದ ಮೇಲೆ ಅಜ್ಜಿ ಹೇಳಿದ್ಲು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಮೀನಿನ ಟೈಲ್ಸ್ ಅಂತ ಅಷ್ಟು ಖುಷಿಯಾಗಿ ಕೂಗ್ತಿದ್ದೆ. ಖೀರು ಕೆಡಿಸ್ದೆ ಅಂತ ಹೆಂಗೆ ಹೇಳ್ಲಿ?"

"ನಾನೆಲ್ಲಿ ಖುಷಿಯಾಗಿದ್ದೆ? ನಿನ್ನ ಕೋಳಿನೇ ಖುಷಿಯಾಗಿತ್ತು."

"ಕೋಳಿ ಈಜಲೇ ಇಲ್ಲ ಕಣೆ. ಸುಮ್ನೆ ಹೇಳ್ದೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಡಕ್ಕಿ ಹಿತ್ತಲ ತುಂಬ ಚೆಲ್ಲಿತು. ಕೋಳಿಗೆ ಹಬ್ಬ.

"ಅಜ್ಜಿ, ನಿಜ ಹೇಳು. ಕೆಡಿಸಿದ್ದು ಬೆರಳಾ, ಹೂವಾ?" ಎಂದು ಆಶಾ ಕೇಳಿದಳು.

"ಇನ್ನು ಮ್ಯಾಲೆ ಎರಡೂ ಬ್ಯಾಡ," ಎಂದಳು ಮರಿಯವ್ವ. "ಸಂಜೆ ಆತು, ಹೂವು ಬೆಳ್ಳಗೆ ಅರಳಾಕತ್ಯಾವೆ ನೋಡ್ರಿ. ಈ ಗಂಡು ಹೂವಿನ ಪುಡಿ ಹೀಚಿರೋ ಆ ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರ್ರಿ. ದಾವತ್ತು ಯಾವಾಗ?"

"ಮೇಸ್ತ್ರಿ ಅಣ್ಣ ಹದಿನೈದು ದಿನ ಅಂದಾನೆ."

"ಮೇಸ್ತ್ರಿ ಹದಿನೈದು ಅಂದ್ರೆ ತಿಂಗಳು ಅಂತ ತಿಳ್ಕಾ. ಸಾಕು, ಕಾಯಿ ಆಗ್ತೈತೆ."

ಆಶಾ ಹೆಣ್ಣು ಹೂವಿನ ತೊಟ್ಟನ್ನು ಹಿಡಿದುಕೊಂಡಳು. ಸಿಮ್ರಾನ್ ಉಸಿರು ಬಿಗಿಹಿಡಿದು ಪುಡಿ ಸವರಿದಳು.

ಹರಿಹರದ ಬಸ್‌ ಸ್ಟ್ಯಾಂಡಿನಲ್ಲಿ ಅಮ್ಮಿಯ ಫೋನು ಬಡಿದುಕೊಂಡಿತು.

"ಸುದ್ದಿ ಏನೇ?" ಎಂದಳು ಆಶಾ.

"ಈಗಷ್ಟೇ ಬಂದಿದ್ನಲ್ಲೇ. ಏನೂ ಇಲ್ಲ."

"ನಂದೂ ಏನಿಲ್ಲ."

ಇಬ್ಬರೂ ಸುಮ್ಮನಾದರು. ಹೇಳಲು ಏನಾದರೂ ಹುಡುಕಬೇಕು ಎಂದು ಸಿಮ್ರಾನಳಿಗೆ ಅನಿಸಲಿಲ್ಲ. ಪಕ್ಕದಲ್ಲಿ ಕಂಡಕ್ಟರು, "ದಾವಣಗೆರೆ, ದಾವಣಗೆರೆ," ಎಂದು ಕೂಗುತ್ತಿದ್ದ. ಅಮ್ಮಿ ಕೈಹಿಡಿದು ಬಸ್ಸು ಹತ್ತಿಸಿದರು. ಸೀಟು ಸಿಕ್ಕಿ ಕೂತ ಮೇಲೂ ಫೋನು ಅವಳ ಕಿವಿಯಲ್ಲೇ ಇತ್ತು. ಅತ್ತ ಆಶಾ ಮೆಲ್ಲಗೆ ಉಸಿರಾಡುವುದು ಕೇಳಿಸುತ್ತಿತ್ತು.