ಆರಿಂಚಿನ ತೂತು

ಹೊನ್ನಾಳಿಯಿಂದ ಜಗಳೂರಿನ ತನಕ ಗೋಡೆಗೆ ತೂತು ಕೊರೆಯುವುದರಲ್ಲಿ ನನ್ನನ್ನು ಮೀರಿಸುವವನು ಹುಟ್ಟಿಲ್ಲ. ನನ್ನ ಮಿಷನ್ನಿನ ಸದ್ದಿಗೆ ತುಂಗಭದ್ರೆಯೇ ಒಂದು ಗಳಿಗೆ ನಿಲ್ಲುತ್ತಾಳೆ. ಆದರೆ ಸಾಸ್ವೆಹಳ್ಳಿಯ ಹಾಲಮ್ಮನವರ ಮಹಡಿ ಅಡುಗೆಮನೆಯಲ್ಲಿ ನಡೆದದ್ದಕ್ಕೆ ಉಪ್ಪುಖಾರ ಹಚ್ಚಿಲ್ಲ.

"ಹೊಗೆ ಪೈಪಿಗೆ ನಾಲ್ಕಿಂಚಿನ ಬಿಟ್ ಸಾಕಲ್ರೀ ಅಮ್ಮಾರೆ" ಎಂದೆ.

"ಆರಿಂಚಿಂದೇ ಹಾಕಪ್ಪ, ಟೀ ಲೋಟ ಹಿಡ್ಕಂಡು ಕೈ ತೂರಬೇಕು. ನಮ್ಮನೇರು ಗಾರೆ ಕೆಲಸದೋರು, ಈ ಗೋಡೆ ಕಟ್ಟೋವಾಗ ಆಚೆ ಬೊಂಬಿನ ಸಾರವೆ ಮ್ಯಾಲೆ ನಿಂತೇ ಕುಡಿಯೋರು. ಅವರು ತೀರ್ಕಂಡ ಮ್ಯಾಲೆ ಒಬ್ಳೇ ಕುಡಿಯಾಕೆ ಮನಸ್ಸೇ ಬರಲ್ಲ."

ಸಾರವೆ ಬಿಚ್ಚಿ ವರ್ಷವಾಗಿತ್ತು. ಗೋಡೆಯಾಚೆ ಬರೀ ಗಾಳಿ. ನಗುತ್ತಲೇ ದೊಡ್ಡ ಬಿಟ್ ಸಿಕ್ಕಿಸಿ ಕೊರೆದೆ. ಮಟಮಟ ಮಧ್ಯಾಹ್ನದಲ್ಲಿ ತೂತಿನಿಂದ ತಣ್ಣಗೆ ಹಸಿ ಸಿಮೆಂಟಿನ ವಾಸನೆ ಬಂತು. ಹಾಲಮ್ಮ ತುಂಬಿದ ಲೋಟ ಹಿಡಿದು ಕೈ ಹೊರಚಾಚಿದರು. ಹಿಂತೆಗೆದಾಗ ಲೋಟ ಖಾಲಿ.

"ಸಕ್ಕರೆ ಸಾಲ್ದಂತೆ" ಎಂದರು.

ಕೆಳಗೋಡಿ ನೋಡಿದೆ. ಗೋಡೆಯ ಮೇಲಾಗಲಿ ನೆಲದ ಮೇಲಾಗಲಿ ಒಂದು ಹನಿ ಟೀ ಬಿದ್ದಿರಲಿಲ್ಲ.